ಒಂಟಿಯಾಗಿ ಮುಂದೆ ಓಡುವ ಮಗು: ಪಿ.ಟಿ. ಉಷಾ ಅವರ ಓಟ ಮತ್ತು ಗುರುತನ

(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಂದ ಬಂದವರೇ ಈ ಸಭೆಯಲ್ಲಿ ಹೆಚ್ಚಾಗಿದ್ದೀರಿ. ಪ್ರತಿಭಾವಂತ ವಿದ್ಯಾರ್ಥಿಗಳ ಪೋಷಣೆ ಎಂಬ ವಿಷಯವನ್ನು ನನಗೆ ಕೊಡಲಾಗಿದೆ. ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿ ಈ ವಿಷಯದ ಕುರಿತು ಇರುವ ಲಕ್ಷಣಗಳನ್ನೂ ವರ್ಗೀಕರಣಗಳನ್ನೂ ನೀವು ಪದವಿಯ ದಿನಗಳಲ್ಲಿಯೇ ಓದಿ ಪರೀಕ್ಷೆ ಬರೆದಿದ್ದೀರಿ. ಅದನ್ನೇ ಮತ್ತೊಮ್ಮೆ ಒಪ್ಪಿಸುವುದರಿಂದ ನಿಮಗೂ ನನಗೂ ಪ್ರಯೋಜನವಿಲ್ಲ. ಅದರ ಬದಲಿಗೆ ಒಬ್ಬ ಓಟಗಾರ್ತಿಯ ವೃತ್ತಾಂತವನ್ನು ತುಸು ವಿವರವಾಗಿ ಪರಿಶೀಲಿಸೋಣ. ಆಕೆ ನಮ್ಮ ನೆರೆಯವರು. ಕಾಸರಗೋಡಿನಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೊರಟರೆ ಕಣ್ಣೂರು, ತಲಶ್ಶೇರಿ, ವಡಗರೆಗಳನ್ನು ದಾಟಿದ ಮೇಲೆ ಪಯ್ಯೋಳಿ ಎಂಬ ಚಿಕ್ಕ ನಿಲ್ದಾಣ ಸಿಗುತ್ತದೆ. ಕಲ್ಲಿಕೋಟೆಗೆ ಕಚೇರಿಯ ಕೆಲಸಕ್ಕೆಂದು ಹೋಗುವಾಗ ನಮ್ಮಲ್ಲಿ ಹಲವರು ಆ ಹೆಸರಿನ ಫಲಕವನ್ನು ಕಿಟಕಿಯಿಂದ ಕಂಡಿರಬಹುದು. ಪಿ.ಟಿ. ಉಷಾ ಬೆಳೆದುದು ಅಲ್ಲಿ.

ಉಷಾ ಅವರ ಕಥೆಯನ್ನು ನಮ್ಮ ಶಾಲೆಗಳ ಬೆಳಗಿನ ಸಭೆಗಳಲ್ಲಿ ನಾನು ಅನೇಕ ಬಾರಿ ಕೇಳಿದ್ದೇನೆ. ಬಡತನ, ಪರಿಶ್ರಮ, ಲಾಸ್ ಏಂಜಲಿಸ್, ಸೆಕೆಂಡಿನ ನೂರನೆಯ ಒಂದು ಭಾಗ, ಕಣ್ಣೀರು. ಅಲ್ಲಿಗೆ ಕಥೆ ಮುಗಿಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದನ್ನು ಕೇವಲ ದುರದೃಷ್ಟದ ಕಥೆಯಾಗಿ ಹೇಳುವುದಕ್ಕೆ ನನ್ನ ಸಮ್ಮತಿಯಿಲ್ಲ. ಆ ಒಂದು ಅಂಶದ ಸೋಲಿಗೆ ಕಾರಣಗಳಿದ್ದವು. ಆ ಕಾರಣಗಳು ಅಧ್ಯಾಪಕರಾದ ನಮಗೆ ಬಹಳ ಹತ್ತಿರದವು.

ಮೊದಲಿನಿಂದ ನೋಡೋಣ. ಉಷಾ ಹುಟ್ಟಿದುದು 1964ರ ಜೂನ್ 27ರಂದು, ಕಲ್ಲಿಕೋಟೆ ಜಿಲ್ಲೆಯಲ್ಲಿ. ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯ ದೈಹಿಕ ಶಿಕ್ಷಣದ ಮಾಸ್ತರರು, ಅದೇ ಶಾಲೆಯಲ್ಲಿದ್ದ ಜಿಲ್ಲಾ ಮಟ್ಟದ ವಿಜೇತೆಯಾದ ಬಾಲಕಿಯ ಜೊತೆಗೆ ಅವಳನ್ನು ಓಡಲು ನಿಲ್ಲಿಸಿದರು. ಉಷಾ ಗೆದ್ದಳು. ಗೆದ್ದಳು ಎಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಿಲ್ಲಿಸಿದರು ಎಂಬ ಕ್ರಿಯಾಪದವನ್ನು ನೀವು ಗಮನಿಸಬೇಕೆಂದು ನನ್ನ ವಿನಂತಿ. ತನ್ನ ತರಗತಿಯ ಮಕ್ಕಳ ನಡುವೆ ಓಡಿದ್ದರೆ ಆ ಬಾಲಕಿ ಪ್ರತಿದಿನವೂ ಗೆಲ್ಲುತ್ತಿದ್ದಳು. ತನ್ನ ಕಾಲಿನಲ್ಲಿ ಏನಿದೆ ಎಂಬುದು ಅವಳಿಗೂ ತಿಳಿಯುತ್ತಿರಲಿಲ್ಲ, ಮಾಸ್ತರರಿಗೂ ತಿಳಿಯುತ್ತಿರಲಿಲ್ಲ. ಬಲಿಷ್ಠಳಾದ ಒಬ್ಬಳನ್ನು ಪಕ್ಕದಲ್ಲಿ ತಂದು ನಿಲ್ಲಿಸಿದಾಗ ಮಾತ್ರ ಅದು ಪ್ರಕಟವಾಯಿತು.

1976ರಲ್ಲಿ ಕೇರಳ ಸರಕಾರವು ಕಣ್ಣೂರಿನಲ್ಲಿ ಬಾಲಕಿಯರಿಗಾಗಿ ಕ್ರೀಡಾ ತರಬೇತಿಯ ವ್ಯವಸ್ಥೆಯನ್ನು ಆರಂಭಿಸಿತು. ಆಯ್ಕೆಯಾದ 40 ಮಂದಿಯಲ್ಲಿ ಹನ್ನೆರಡು ವರ್ಷದ ಉಷಾ ಒಬ್ಬಳು. ಅಲ್ಲಿ ತರಬೇತುದಾರರಾಗಿದ್ದವರು ಒ.ಎಂ. ನಂಬಿಯಾರ್. ವಾಯುಸೇನೆಯಲ್ಲಿ ಸೇವೆ ಸಲ್ಲಿಸಿ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ಬಂದವರು. ತೆಳ್ಳನೆಯ ಮೈಕಟ್ಟಿನ ಈ ಹುಡುಗಿಯ ನಡಿಗೆಯ ವೇಗವೇ ಅವರ ಕಣ್ಣಿಗೆ ಮೊದಲು ಬಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಓಟವನ್ನಲ್ಲ, ನಡಿಗೆಯನ್ನು ಕಂಡು ಆರಿಸಿದ ಗುರು! ಮಗುವಿನ ಉತ್ತರಪತ್ರಿಕೆಯನ್ನು ನೋಡುವ ಮೊದಲು ಅದು ಪ್ರಶ್ನೆ ಕೇಳುವ ಬಗೆಯನ್ನು ನೋಡುವ ಅಧ್ಯಾಪಕರೂ ನಮ್ಮಲ್ಲಿದ್ದಾರೆ. ಅಂಥವರಿಗೆ ಈ ಮಾತು ಅರ್ಥವಾಗುತ್ತದೆ.

ನಂಬಿಯಾರ್ ಅವರು ಆ ಬಾಲಕಿಯನ್ನು ಪಯ್ಯೋಳಿಯ ಕಡಲತೀರದ ಮರಳಿನಲ್ಲಿ ಓಡಿಸಿದರು. ಸಿಂಥೆಟಿಕ್ ಟ್ರ್ಯಾಕ್ ಎಂಬುದು ಆಗ ಆ ಭಾಗದಲ್ಲಿ ಕೇಳಿದ ಹೆಸರೂ ಅಲ್ಲ. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಹೋದಾಗ ಉಷಾಗೆ ಹದಿನಾರು ವರ್ಷ. 100 ಮೀಟರ್ ಓಟದ ಮೊದಲ ಸುತ್ತಿನಲ್ಲಿಯೇ ಹೊರಬಿದ್ದಳು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ 100 ಮತ್ತು 200 ಮೀಟರ್‌ಗಳಲ್ಲಿ ಬೆಳ್ಳಿ, ಮರುವರ್ಷ ಕುವೈತಿನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರ್‌ನ ಚಿನ್ನ. ಅಲ್ಲಿಯವರೆಗೆ ಆಕೆ ಸಮತಟ್ಟಾದ ದಾರಿಯ ಓಟಗಾರ್ತಿ.

ಈಗ 1984ಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮಹಿಳೆಯರ 400 ಮೀಟರ್ಸ್ ಹರ್ಡಲ್ಸ್ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿಸಿದುದು ಲಾಸ್ ಏಂಜಲಿಸ್‌ನಲ್ಲಿ. ಹೊಸ ಸ್ಪರ್ಧೆಯಾದುದರಿಂದ ಅಲ್ಲಿ ಅವಕಾಶವಿದೆಯೆಂದು ನಂಬಿಯಾರ್ ಕಂಡುಕೊಂಡರು. ಉಷಾ ಅವರನ್ನು ಅದರತ್ತ ತಿರುಗಿಸಿದರು. ಇದು ಗುರುವಿನ ದೂರದೃಷ್ಟಿ, ಸಂದೇಹವಿಲ್ಲ. ಆದರೆ ಆ ಸ್ಪರ್ಧೆಯ ಒಳಗನ್ನು ತಿಳಿದಾಗಲೇ ಅದರ ಕಷ್ಟವೂ ತಿಳಿಯುತ್ತದೆ. ಓಟಗಾರ್ತಿ ಹತ್ತು ತಡೆಗಳನ್ನು ದಾಟಬೇಕು. ಪ್ರತಿಯೊಂದರ ಎತ್ತರ 76.2 ಸೆಂಟಿಮೀಟರ್. ಹೊರಟ ಗೆರೆಯಿಂದ ಮೊದಲ ತಡೆಗೆ 45 ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ 35 ಮೀಟರ್, ಕೊನೆಯ ತಡೆಯಿಂದ ಗುರಿಗೆ 40 ಮೀಟರ್. ಎರಡು ತಡೆಗಳ ನಡುವೆ ಎಷ್ಟು ಹೆಜ್ಜೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ದಣಿವಿನಿಂದ ಹೆಜ್ಜೆ ಚಿಕ್ಕದಾದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಬಲಗಾಲಿನಿಂದ ದಾಟಬೇಕಾದುದನ್ನು ಎಡಗಾಲಿನಿಂದ ದಾಟಬೇಕಾಗುತ್ತದೆ. ಇದೆಲ್ಲ ಪಕ್ಕದ ಓಣಿಯಲ್ಲಿ ಇನ್ನೊಬ್ಬಳು ತನ್ನ ಲಯದಲ್ಲಿ ದಾಟುತ್ತಿರುವಾಗ, ಆ ಸದ್ದು ಕಿವಿಗೆ ಬೀಳುತ್ತಿರುವಾಗ ನಡೆಯಬೇಕು. ಮೈದಾನದಲ್ಲಿ ಒಬ್ಬಳೇ ಅಭ್ಯಾಸ ಮಾಡಿ ಕಾಲಿಗೆ ಕಲಿಸಬಹುದು. ಕಿವಿಗೆ ಮತ್ತು ಮನಸ್ಸಿಗೆ ಕಲಿಸಲು ಸ್ಪರ್ಧೆಯೇ ಬೇಕು.

ದೇಶದೊಳಗೆ ಉಷಾಗೆ ಅಂಥ ಜೊತೆ ಇತ್ತು. ಕಣ್ಣೂರು ಜಿಲ್ಲೆಯ ಎಂ.ಡಿ. ವಲ್ಸಮ್ಮ 1982ರ ದೆಹಲಿ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು; ಒಲಿಂಪಿಕ್ಸ್‌ಗೆ ಮುಂಚಿನ ಆಯ್ಕೆಯಲ್ಲಿ ಉಷಾ ಹಿಂದಿಕ್ಕಿದುದು ಅವರನ್ನೇ. ಆದರೆ ಏಷ್ಯಾದ ಆಚೆಗಿನ ಉತ್ತಮ ಓಟಗಾರ್ತಿಯರ ಜೊತೆಗೆ ಈ ಸ್ಪರ್ಧೆಯಲ್ಲಿ ಓಡಿದ ಅನುಭವ ಅತ್ಯಲ್ಪ. ಲಾಸ್ ಏಂಜಲಿಸ್‌ನ ಊಟ ಒಗ್ಗದೆ ಗಂಜಿ ಉಪ್ಪಿನಕಾಯಿಯನ್ನೇ ನೆಚ್ಚಿಕೊಳ್ಳಬೇಕಾಯಿತೆಂದು ಉಷಾ ಅವರೇ ಹೇಳಿದ್ದಾರೆ. ಹೀಗಿದ್ದೂ ಸೆಮಿಫೈನಲ್‌ನಲ್ಲಿ 55.54 ಸೆಕೆಂಡುಗಳಲ್ಲಿ ಮೊದಲಿಗಳಾಗಿ ಬಂದರು.

ಆಗಸ್ಟ್ 8ರ ಅಂತಿಮ ಓಟದಲ್ಲಿ ಮೊದಲ ಬಾರಿ ಗುಂಡಿನ ಸದ್ದಿಗೆ ಮುನ್ನವೇ ಒಬ್ಬ ಓಟಗಾರ್ತಿ ಹೊರಟುದರಿಂದ ಎಲ್ಲರನ್ನೂ ಹಿಂದಕ್ಕೆ ಕರೆಯಲಾಯಿತು. ಎರಡನೆಯ ಬಾರಿಯ ಆರಂಭದಲ್ಲಿ ಉಷಾ ಅವರ ಚುರುಕು ತುಸು ತಗ್ಗಿತು. ಮೊರಾಕ್ಕೋದ ನವಾಲ್ ಎಲ್ ಮುತವಕ್ಕಿಲ್ 54.61 ಸೆಕೆಂಡುಗಳಲ್ಲಿ ಗೆದ್ದರು; ಅಮೆರಿಕದ ಜೂಡಿ ಬ್ರೌನ್ ಎರಡನೆಯವರು. ಮೂರನೆಯ ಸ್ಥಾನಕ್ಕೆ ಛಾಯಾಚಿತ್ರವನ್ನು ನೋಡಬೇಕಾಯಿತು. ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41, ಉಷಾ 55.42. ಆ ವೇಗದಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗವೆಂದರೆ ಸುಮಾರು 7 ಸೆಂಟಿಮೀಟರ್. ನಿಮ್ಮ ಕಿರುಬೆರಳಿಗಿಂತ ಸ್ವಲ್ಪ ಹೆಚ್ಚು.

ಗುರಿಯ ಗೆರೆಯಲ್ಲಿ ಲೆಕ್ಕಕ್ಕೆ ಬರುವುದು ಪಾದವಲ್ಲ, ತಲೆಯಲ್ಲ, ಮುಂಡಭಾಗ. ಆದುದರಿಂದ ಪಳಗಿದ ಓಟಗಾರರು ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಬಾಗಿಸುತ್ತಾರೆ. ಉಷಾ ಅಂದು ಹಾಗೆ ಬಾಗಲಿಲ್ಲವೆಂಬುದನ್ನು ಆ ಓಟವನ್ನು ಚರ್ಚಿಸಿದವರೆಲ್ಲ ಹೇಳಿದ್ದಾರೆ. ಎದೆ ಬಾಗಿಸಬೇಕೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ತಿಳಿದಿರುವುದು ಬೇರೆ, ಅದು ಮೈಗೆ ಹತ್ತುವುದು ಬೇರೆ. ಗೆರೆಯ ಬಳಿ ಹೆಗಲಿಗೆ ಹೆಗಲು ಕೊಟ್ಟು ಬರುವವರು ಇದ್ದಾಗ, ಅಂಥ ಓಟಗಳು ಇಪ್ಪತ್ತು ಮೂವತ್ತು ಆದ ಮೇಲೆ, ದೇಹವು ಹೇಳಿಸಿಕೊಳ್ಳದೆಯೇ ಬಾಗುತ್ತದೆ. ಬಹುಪಾಲು ಓಟಗಳನ್ನು ಹಲವು ಮೀಟರುಗಳ ಅಂತರದಲ್ಲಿ ಗೆದ್ದವಳಿಗೆ ಬಾಗುವ ಅಗತ್ಯವೇ ಬಿದ್ದಿರುವುದಿಲ್ಲ. ಉಷಾ ಸೋತುದು ವೇಗದ ಕೊರತೆಯಿಂದಲ್ಲ, ಸಮಬಲರ ಕೊರತೆಯಿಂದ ಎಂದು ನಾನು ಭಾವಿಸುತ್ತೇನೆ.

ಆ ಬಳಿಕದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಅಂಕಿಗಳು ನಿಮಗೆ ರಸಪ್ರಶ್ನೆಗೆ ಉಪಯೋಗವಾದಾವು. 1985ರಲ್ಲಿ ಜಕಾರ್ತಾದ ಏಷ್ಯನ್ ಕೂಟದಲ್ಲಿ 100, 200, 400 ಮೀಟರ್, 400 ಮೀಟರ್ಸ್ ಹರ್ಡಲ್ಸ್ ಮತ್ತು ದೀರ್ಘ ರಿಲೇ, ಹೀಗೆ ಐದು ಚಿನ್ನ, ಜೊತೆಗೊಂದು ಕಂಚು. 1986ರಲ್ಲಿ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ಅಲ್ಲಿ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಉಷಾ, ವಲ್ಸಮ್ಮ, ಶೈನಿ ಅಬ್ರಹಾಂ ಅವರ ಜೊತೆಗೆ ನಮ್ಮ ಕರ್ನಾಟಕದ ವಂದನಾ ರಾವ್ ಇದ್ದರು. ಒಂದೇ ಕಾಲದಲ್ಲಿ ಇಷ್ಟು ಮಂದಿ ಒಟ್ಟಿಗೆ ಬೆಳೆದುದು ಆಕಸ್ಮಿಕವಲ್ಲ. ಒಬ್ಬಳು ಇನ್ನೊಬ್ಬಳನ್ನು ಎಳೆದಳು. ಕೊಡಗಿನ ಅಶ್ವಿನಿ ನಾಚಪ್ಪ ಉಷಾ ಅವರನ್ನು ಹಿಂದಿಕ್ಕಿ ಗೆದ್ದುದೂ ಈ ದಶಕದ ಕೊನೆಯಲ್ಲಿಯೇ. ನಾವು ಪ್ರತಿಭೆಯನ್ನು ವ್ಯಕ್ತಿಯ ಗುಣವೆಂದು ತಿಳಿಯುತ್ತೇವೆ. ಅದರಲ್ಲಿ ಅರ್ಧಭಾಗ ಒಡನಾಟದ ಫಲ.

ಇಳಿಜಾರು 1988ರಲ್ಲಿ ಕಾಣಿಸಿತು. ಹಿಮ್ಮಡಿಯ ನೋವಿನೊಡನೆ ಸೋಲ್ ಒಲಿಂಪಿಕ್ಸ್‌ಗೆ ಹೋದ ಉಷಾ ತಮ್ಮ ಪ್ರಿಯ ಸ್ಪರ್ಧೆಯ ಮೊದಲ ಸುತ್ತಿನಲ್ಲಿಯೇ ಹೊರಬಿದ್ದರು. ತೆಗೆದುಕೊಂಡ ಕಾಲ 59.55 ಸೆಕೆಂಡು. ನಾಲ್ಕು ವರ್ಷಗಳ ಹಿಂದಿನ ಓಟಕ್ಕಿಂತ ನಾಲ್ಕು ಸೆಕೆಂಡು ಹಿಂದೆ. ಹೊಗಳಿದ ನಾಲಗೆಗಳೇ ತೆಗಳಿದವು. ಮರುವರ್ಷ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ ಗೆದ್ದು ಉತ್ತರ ಕೊಟ್ಟರಾದರೂ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಮೂರು ಬೆಳ್ಳಿಗಳಿಗೆ ತೃಪ್ತರಾಗಬೇಕಾಯಿತು. ಓಟ ನಿಲ್ಲಿಸಿದರು, 1991ರಲ್ಲಿ ಮದುವೆಯಾಯಿತು, ಮಗ ಹುಟ್ಟಿದ. ಪತಿ ವಿ. ಶ್ರೀನಿವಾಸನ್ ಅವರ ಒತ್ತಾಸೆಯಿಂದ ಮತ್ತೆ ಟ್ರ್ಯಾಕಿಗೆ ಇಳಿದು, 1994ರಲ್ಲಿ ಹಿರೋಷಿಮಾದಲ್ಲಿ ರಿಲೇ ಬೆಳ್ಳಿ, 1998ರಲ್ಲಿ ಜಪಾನಿನ ಫುಕುವೋಕಾದಲ್ಲಿ, 34ನೆಯ ವಯಸ್ಸಿನಲ್ಲಿ, 200 ಮತ್ತು 400 ಮೀಟರ್‌ಗಳಲ್ಲಿ ಕಂಚು ಪಡೆದರು. ಚಿನ್ನಕ್ಕೇ ಒಗ್ಗಿದ ಕೈಗಳು ಕಂಚನ್ನು ಸ್ವೀಕರಿಸಿದ ಆ ಸಂದರ್ಭ ನನಗೆ ಜಕಾರ್ತಾದ ಐದು ಚಿನ್ನಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ಮುಂದೆ ಗುರುವಾಗಬೇಕಾದವರಿಗೆ ಮೂರನೆಯ ಸ್ಥಾನದ ಪರಿಚಯ ಇರಬೇಕು. ಯಾವಾಗಲೂ ಗೆದ್ದವರು ಮಕ್ಕಳ ಸೋಲನ್ನು ಸೋಮಾರಿತನವೆಂದು ತಿಳಿಯುವ ಅಪಾಯವಿದೆ. ಇದು ಗಣಿತದಲ್ಲಿ ನೂರಕ್ಕೆ ನೂರು ಪಡೆದು ಅಧ್ಯಾಪಕರಾದವರಿಗೂ ಅನ್ವಯಿಸುತ್ತದೆ.

2000ದಲ್ಲಿ ಉಷಾ ಓಟದಿಂದ ಪೂರ್ಣವಾಗಿ ನಿವೃತ್ತರಾದರು. ಎರಡು ವರ್ಷಗಳಲ್ಲಿ ಕೊಯಿಲಾಂಡಿಯಲ್ಲಿ ಉಷಾ ಸ್ಕೂಲ್ ಆಫ್ ಅಥ್ಲೆಟಿಕ್ಸ್ ಆರಂಭವಾಯಿತು. ಬಳಿಕ ಅದು ಬಾಲುಶ್ಶೇರಿಯ ಬಳಿಯ ಕಿನಾಲೂರಿನಲ್ಲಿ ಸರಕಾರ ಒದಗಿಸಿದ 30 ಎಕರೆ ಜಾಗಕ್ಕೆ ಹೋಯಿತು. ಹತ್ತು ಹನ್ನೆರಡು ವರ್ಷದ ಬಾಲಕಿಯರನ್ನು ಆಯ್ದು, ಅಲ್ಲಿಯೇ ಇರಿಸಿಕೊಂಡು, ಊಟ, ವಸತಿ, ಶಾಲಾ ಶಿಕ್ಷಣ, ತರಬೇತಿಗಳನ್ನು ಒದಗಿಸುವ ವ್ಯವಸ್ಥೆ. ಈ ಯೋಜನೆಯನ್ನು ಗಮನವಿಟ್ಟು ನೋಡಿದರೆ ತನಗೆ ಏನೇನು ಇರಲಿಲ್ಲವೋ ಅದನ್ನೆಲ್ಲ ಪಟ್ಟಿ ಮಾಡಿ ಕಟ್ಟಿದಂತೆ ತೋರುತ್ತದೆ. ಪೌಷ್ಟಿಕ ಆಹಾರ, ಒಳ್ಳೆಯ ಬೂಟು, ಗಾಯವಾದರೆ ಚಿಕಿತ್ಸೆ, ಕೈಗೆಟಕುವ ಮೈದಾನ. ಸಿಂಥೆಟಿಕ್ ಟ್ರ್ಯಾಕ್ ಮಾತ್ರ ಸಿದ್ಧವಾದುದು 2017ರಲ್ಲಿ. ಅಷ್ಟರಲ್ಲಿ ಶಾಲೆಗೆ ಹದಿನೈದು ವರ್ಷ ತುಂಬಿತ್ತು. ನಮ್ಮ ಶಾಲೆಯ ಶೌಚಾಲಯದ ದುರಸ್ತಿಗೆ ಅರ್ಜಿ ಬರೆದು ಕಾಯುತ್ತಿರುವವರಿಗೆ ಇದರಿಂದ ಸಮಾಧಾನವಾಗಬಹುದು.

ಮೊದಲ ತಂಡದ ಬಾಲಕಿಯರಲ್ಲಿ ಕಣ್ಣೂರು ಜಿಲ್ಲೆಯ ಗುಡ್ಡಗಾಡಿನಿಂದ ಬಂದ ಟಿಂಟು ಲೂಕಾ ಒಬ್ಬಳು. ಉಷಾ ಅವಳನ್ನು ತನ್ನ ಪ್ರತಿಬಿಂಬವಾಗಿಸಲು ಹೊರಡಲಿಲ್ಲ. ತಾನು ಓಡಿದುದು 100ರಿಂದ 400 ಮೀಟರ್‌ವರೆಗೆ. ಶಿಷ್ಯೆಯನ್ನು 800 ಮೀಟರ್‌ಗೆ ಸಿದ್ಧಗೊಳಿಸಿದರು. ನಂಬಿಯಾರ್ ತನಗೆ ಮಾಡಿದುದನ್ನೇ ಶಿಷ್ಯೆಗೆ ಮಾಡಿದರು ಎನ್ನಬೇಕು: ಗುರುವಿನ ಅಭಿರುಚಿಯನ್ನು ಪಕ್ಕಕ್ಕಿಟ್ಟು, ಮಗುವಿನ ಮೈ ಯಾವ ಓಟಕ್ಕೆ ಒದಗುತ್ತದೆ ಎಂದು ಕೇಳುವುದು. ಕಥೆಗಾರ ಅಧ್ಯಾಪಕನ ತರಗತಿಯಲ್ಲಿ ಎಲ್ಲ ಮಕ್ಕಳೂ ಕಥೆಯನ್ನೇ ಬರೆಯುವುದನ್ನೂ ಯಕ್ಷಗಾನಪ್ರಿಯ ಅಧ್ಯಾಪಕನ ಶಾಲೆಯಲ್ಲಿ ಎಲ್ಲರೂ ವೇಷ ಕಟ್ಟುವುದನ್ನೂ ಕಂಡಿರುವ ನನಗೆ ಈ ಸಂಯಮ ಸುಲಭದ್ದೆಂದು ತೋರುವುದಿಲ್ಲ.

2010ರಲ್ಲಿ ಕ್ರೊಯೇಷಿಯಾದ ಸ್ಪ್ಲಿಟ್ ನಗರದಲ್ಲಿ ಟಿಂಟು 1 ನಿಮಿಷ 59.17 ಸೆಕೆಂಡುಗಳಲ್ಲಿ 800 ಮೀಟರ್ ಓಡಿ, ಶೈನಿ ಅವರ ಹೆಸರಿನಲ್ಲಿ ಹದಿನೈದು ವರ್ಷಗಳಿಂದ ಇದ್ದ ರಾಷ್ಟ್ರೀಯ ದಾಖಲೆಯನ್ನು ಮುರಿದಳು. ಹಳೆಯ ಜೊತೆಗಾರ್ತಿಯ ದಾಖಲೆಯನ್ನು ತನ್ನ ಶಿಷ್ಯೆ ಮುರಿಯುವುದನ್ನು ನೋಡುವ ಭಾಗ್ಯ ಎಲ್ಲ ಗುರುಗಳಿಗೂ ಇಲ್ಲ. ಆದರೆ ಮರುತಿಂಗಳು ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏನಾಯಿತೆಂಬುದನ್ನು ನೋಡಿ. ಟಿಂಟು ಆರಂಭದಿಂದಲೇ ಎಲ್ಲರನ್ನೂ ಹಿಂದೆ ಬಿಟ್ಟು ಮುನ್ನುಗ್ಗಿದಳು. ಕೊನೆಯ ತಿರುವಿನ ನಂತರ ಒಬ್ಬೊಬ್ಬರೇ ಅವಳನ್ನು ದಾಟಿದರು. ಆರನೆಯ ಸ್ಥಾನ ಸಿಕ್ಕಿತು.

800 ಮೀಟರ್ ಓಟವು ಬುದ್ಧಿಯ ಓಟವೂ ಹೌದು. ಮುಂದೆ ಓಡುವವಳು ಗಾಳಿಯನ್ನು ಸೀಳಬೇಕು; ಹಿಂದಿರುವವರು ಅವಳ ಮರೆಯಲ್ಲಿ ಶಕ್ತಿಯನ್ನು ಉಳಿಸಿಕೊಳ್ಳುತ್ತಾರೆ. ಯಾರು ಯಾವಾಗ ಮುನ್ನುಗ್ಗುವರೆಂಬುದು ಹಿಂದಿರುವವರಿಗೆ ಕಾಣುತ್ತದೆ, ಮುಂದಿರುವವಳಿಗೆ ಕಾಣುವುದಿಲ್ಲ. ಟಿಂಟು ವರ್ಷಗಟ್ಟಲೆ ಹೀಗೆಯೇ ಓಡಿದಳು. ಉಷಾ ಅವರ ತರಬೇತಿಯನ್ನು ಟೀಕಿಸಿದವರೆಲ್ಲ ಈ ಅಂಶವನ್ನು ಎತ್ತಿ ಆಡಿದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಕಾರಣವನ್ನು ಕೇಳಿದವರು ಕಡಿಮೆ. ದೇಶದೊಳಗಿನ ಕೂಟಗಳಲ್ಲಿ ಅವಳ ಸಮಕ್ಕೆ ಓಡುವವರು ಹೆಚ್ಚು ಮಂದಿ ಇರಲಿಲ್ಲ. ಆರಂಭದಲ್ಲೇ ಮುಂದೆ ಹೋಗಿ, ಕೊನೆಯವರೆಗೂ ಒಬ್ಬಳೇ ಓಡಿ ಗೆಲ್ಲುವುದು ರೂಢಿಯಾಯಿತು. ಗುಂಪಿನೊಳಗೆ ಮೊಣಕೈಗಳ ನಡುವೆ ಜಾಗ ಮಾಡಿಕೊಂಡು ಓಡುವುದನ್ನು ಒಬ್ಬಂಟಿಯಾಗಿ ಅಭ್ಯಾಸ ಮಾಡಲು ಸಾಧ್ಯವೇ? ತನಗಿಲ್ಲದ ಊಟ, ಹಾಸಿಗೆ, ಮೈದಾನಗಳನ್ನು ಉಷಾ ಶಿಷ್ಯೆಗೆ ಕೊಡಬಲ್ಲವರಾದರು. ತನಗೆ 1984ರಲ್ಲಿ ಇಲ್ಲದಿದ್ದ ಇನ್ನೊಂದನ್ನು, ಅಂದರೆ ಸಮಬಲರ ದಿನನಿತ್ಯದ ಒಡನಾಟವನ್ನು, ಕಿನಾಲೂರಿನ ಗುಡ್ಡದ ಮೇಲೆ ಒದಗಿಸುವುದು ಅವರಿಂದಲೂ ಪೂರ್ಣವಾಗಿ ಆಗಲಿಲ್ಲ.

ಟಿಂಟು ಸೋತವಳೆಂದು ನಾನು ಹೇಳುತ್ತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದಳು. 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್‌ನ ಬೆಳ್ಳಿ, ರಿಲೇ ಚಿನ್ನ. 2015ರಲ್ಲಿ ವುಹಾನ್‌ನಲ್ಲಿ ಏಷ್ಯನ್ ಚಾಂಪಿಯನ್. ಅದೇ ಶಾಲೆಯ ಜಿಸ್ನಾ ಮ್ಯಾಥ್ಯೂ 2017ರಲ್ಲಿ ಭುವನೇಶ್ವರದಲ್ಲಿ 400 ಮೀಟರ್‌ನ ಏಷ್ಯನ್ ಕಂಚು ಪಡೆದಳು. ಒಂದು ಹಳ್ಳಿಯ ಶಾಲೆಗೆ ಇವು ಸಣ್ಣ ಫಲಗಳಲ್ಲ. ಒಲಿಂಪಿಕ್ಸ್ ಪದಕ ಬರಲಿಲ್ಲವೆಂದು ಆ ಶಾಲೆಯನ್ನು ವಿಫಲವೆನ್ನುವವರು, ಎಸ್.ಎಸ್.ಎಲ್.ಸಿ.ಯಲ್ಲಿ ಎ ಪ್ಲಸ್‌ಗಳ ಎಣಿಕೆಯಿಂದಲೇ ನಮ್ಮ ಶಾಲೆಗಳನ್ನು ಅಳೆಯುವವರ ಬಂಧುಗಳು.

ಆ 55.42ರ ಬಗ್ಗೆ ಇನ್ನೊಂದು ಮಾತು. ಮಹಿಳೆಯರ ಆ ಸ್ಪರ್ಧೆಯಲ್ಲಿ ಅದು 39 ವರ್ಷಗಳ ಕಾಲ ಭಾರತದಲ್ಲಿ ಯಾರೂ ಮುಟ್ಟದ ದಾಖಲೆಯಾಗಿ ಉಳಿಯಿತು. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕೊಯಮತ್ತೂರಿನ ವಿದ್ಯಾ ರಾಮರಾಜ್ ಅದನ್ನು ಸರಿಗಟ್ಟಿದಳು. ನೂರನೆಯ ಒಂದು ಭಾಗವೂ ಹೆಚ್ಚಿಲ್ಲ, ಕಡಿಮೆಯಿಲ್ಲ, 55.42. ವಿದ್ಯಾಳಿಗೆ ನಿತ್ಯಾ ಎಂಬ ಅವಳಿ ಸಹೋದರಿ ಇದ್ದಾಳೆ; ಅವಳೂ ಹರ್ಡಲ್ಸ್ ಓಟಗಾರ್ತಿ. ಮನೆಯಲ್ಲಿಯೇ ಒಬ್ಬಳು ಜೊತೆಗಾರ್ತಿ ಹುಟ್ಟಿಬಂದಳೆಂದು ನಾನು ಈ ಸಂಗತಿಯನ್ನು ಓದಿಕೊಂಡೆ. ಇದು ನನ್ನ ಓದು, ನೀವು ಒಪ್ಪಬೇಕೆಂದಿಲ್ಲ.

ಈಗ ನಮ್ಮ ತರಗತಿಗೆ ಬರೋಣ. ನಿಮ್ಮಲ್ಲಿ ಅನೇಕರ ಕನ್ನಡ ಡಿವಿಜನ್‌ನಲ್ಲಿ ಎಂಟು, ಹತ್ತು, ಹೆಚ್ಚೆಂದರೆ ಹದಿನೈದು ಮಕ್ಕಳಿದ್ದಾರೆ. ಒಂದು ಶಾಲೆಗೆ ನಾನು ತರಗತಿ ವೀಕ್ಷಣೆಗೆ ಹೋದಾಗ ಏಳನೆಯ ತರಗತಿಯಲ್ಲಿ ಆರು ಮಕ್ಕಳಿದ್ದರು. ಅದರಲ್ಲೊಬ್ಬಳು ಪಾಠವನ್ನು ಸೊಗಸಾಗಿ ಓದಿದಳು, ಎಲ್ಲ ಪ್ರಶ್ನೆಗಳಿಗೂ ಅವಳದೇ ಕೈ ಮೇಲೆ. ಅಧ್ಯಾಪಕಿಗೆ ಅವಳ ಮೇಲೆ ಅಭಿಮಾನ. ಮೂರು ವರ್ಷಗಳಿಂದ ಅವಳೇ ಮೊದಲು ಎಂದರು. ಅವಳ ಪ್ರಬಂಧ ಪುಸ್ತಕವನ್ನು ತೆರೆದು ನೋಡಿದೆ. ಐದನೆಯ ತರಗತಿಯಲ್ಲಿ ಬರೆದುದಕ್ಕೂ ಏಳನೆಯದರಲ್ಲಿ ಬರೆದುದಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅವಳು ಹಿಂದಿರುಗಿ ನೋಡುವ ಅಗತ್ಯವೇ ಬಿದ್ದಿರಲಿಲ್ಲ. ಮುಂದಿನ ತಿಂಗಳು ಆ ಅಧ್ಯಾಪಕಿ ಮೂರು ಶಾಲೆಗಳ ಮಕ್ಕಳನ್ನು ಒಂದು ಶನಿವಾರ ಒಂದೆಡೆ ಸೇರಿಸಿ, ಒಂದೇ ವಿಷಯದ ಮೇಲೆ ಬರೆಯಿಸಿ, ಮಕ್ಕಳೇ ಪರಸ್ಪರ ಓದುವಂತೆ ಮಾಡಿದರು. ಆ ಹುಡುಗಿ ಮೊದಲ ಬಾರಿಗೆ ಇನ್ನೊಬ್ಬರ ಬರಹವನ್ನು ಎರಡು ಸಲ ಓದಿದಳಂತೆ. ಮನೆಗೆ ಹೋಗಿ ತನ್ನದನ್ನು ಹರಿದು ಮತ್ತೆ ಬರೆದಳಂತೆ. ಇದಕ್ಕೆ ಸರಕಾರದ ಆದೇಶ ಬೇಕಾಗಲಿಲ್ಲ. ಜೀಪಿನ ಬಾಡಿಗೆಯನ್ನು ರಕ್ಷಕ-ಶಿಕ್ಷಕ ಸಂಘ ಕೊಟ್ಟಿತು.

ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಅದನ್ನು ಬಿಟ್ಟು ಮಾತು ಮುಗಿಸಿದರೆ ನಿಮಗೆ ಅನ್ಯಾಯ ಮಾಡಿದಂತೆ. ನಮ್ಮ ಶಾಲೆಯ ಮಗುವೊಂದು ಉಪಜಿಲ್ಲಾ ಕ್ರೀಡಾಕೂಟದಲ್ಲಿ ಗೆದ್ದು, ಕಣ್ಣೂರಿನ ಅಥವಾ ತಿರುವನಂತಪುರದ ಕ್ರೀಡಾಶಾಲೆಗೆ ಆಯ್ಕೆಯಾಯಿತೆಂದು ಇಟ್ಟುಕೊಳ್ಳಿ. ಅಲ್ಲಿ ಕನ್ನಡ ಮಾಧ್ಯಮವಿಲ್ಲ. ಮಗು ಹೋದರೆ ಕನ್ನಡ ಕಲಿಕೆಯಿಂದ ದೂರವಾಗುತ್ತದೆ. ಜೊತೆಗೆ ಜೂನ್ ತಿಂಗಳಲ್ಲಿ ಟಿ.ಸಿ. ಕೊಟ್ಟರೆ ಆರನೆಯ ಕೆಲಸದ ದಿನದ ಎಣಿಕೆಯಲ್ಲಿ ಒಬ್ಬಳು ಕಡಿಮೆ. ಆ ಒಬ್ಬಳಿಂದ ಡಿವಿಜನ್ ಬೀಳಬಹುದು. ಡಿವಿಜನ್ ಬಿದ್ದರೆ ಸಹೋದ್ಯೋಗಿಯ ಹುದ್ದೆಗೆ ಸಂಚಕಾರ. ಅಂಥ ಸಂದರ್ಭದಲ್ಲಿ ಹೆತ್ತವರಿಗೆ ‘ಇನ್ನೊಂದು ವರ್ಷ ಇರಲಿ, ಅವಳಿನ್ನೂ ಚಿಕ್ಕವಳು’ ಎಂದು ಸಲಹೆ ಕೊಟ್ಟ ಶಾಲೆಯೊಂದನ್ನು ನಾನು ಬಲ್ಲೆ. ಸಲಹೆ ಕೊಟ್ಟವರು ಕೆಟ್ಟವರಲ್ಲ. ಕನ್ನಡ ಶಾಲೆ ಉಳಿಯಬೇಕೆಂದು ಮನಸಾರೆ ಬಯಸಿದವರು. ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದವರು. ಮರುವರ್ಷ ಆ ಹುಡುಗಿಗೆ ಆಯ್ಕೆಯ ವಯಸ್ಸು ಮೀರಿತು.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವ ಹಿರಿಯರು ಇದೇ ಸಭೆಯಲ್ಲಿದ್ದಾರೆಂದು ಬಲ್ಲೆ. ಕನ್ನಡವನ್ನು ಉಳಿಸುವ ಹೊರೆಯನ್ನು ಹನ್ನೆರಡು ವರ್ಷದ ಮಗುವಿನ ಕಾಲಿಗೆ ಕಟ್ಟಬಾರದು. ಉಷಾ ಅವರ ಹಳ್ಳಿಯ ಶಾಲೆ ಅವರನ್ನು ಬಿಟ್ಟುಕೊಟ್ಟಿತು. ಆದುದರಿಂದ ಕಣ್ಣೂರಿನಲ್ಲಿ 39 ಜೊತೆಗಾರ್ತಿಯರು ದೊರೆತರು. ಬಿಟ್ಟುಕೊಡುವುದೆಂದರೆ ಕೈಬಿಡುವುದಲ್ಲ. ಹೋಗುವ ಮಗುವಿನ ಚೀಲದಲ್ಲಿ ಎರಡು ಕನ್ನಡ ಪುಸ್ತಕಗಳನ್ನು ಇಡಬಹುದು. ತಿಂಗಳಿಗೊಂದು ಪತ್ರವನ್ನು ಕನ್ನಡದಲ್ಲಿ ಬರೆಯುವಂತೆ ಹೇಳಿ, ತಪ್ಪದೆ ಉತ್ತರಿಸಬಹುದು. ರಜೆಯಲ್ಲಿ ಬಂದಾಗ ಬೆಳಗಿನ ಸಭೆಯಲ್ಲಿ ಅಲ್ಲಿನ ಅನುಭವವನ್ನು ಕನ್ನಡದಲ್ಲಿ ಹೇಳಿಸಬಹುದು. ಡಿವಿಜನ್‌ನ ಸಮಸ್ಯೆಯನ್ನು ನಾವು ಸಂಘಟನೆಯ ಮೂಲಕ, ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಆಧಾರದಲ್ಲಿ, ಕಚೇರಿಗಳ ಮುಂದೆ ಎತ್ತಬೇಕು. ಅದು ದೊಡ್ಡವರ ಕೆಲಸ.

ನಂಬಿಯಾರ್ ಅವರಿಗೆ 1985ರಲ್ಲಿ, ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದ ವರ್ಷವೇ, ಅದು ಸಂದಿತು. ಪದ್ಮಶ್ರೀ ಶಿಷ್ಯೆಗೆ ಅದೇ ವರ್ಷ ಬಂತು. ಗುರುವಿಗೆ ಬಂದುದು 2021ರಲ್ಲಿ. ಅದೇ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಉಷಾ 2022ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ವರ್ಷದ ಕೊನೆಯಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಆ ಪದವಿಯ ಕಾರ್ಯವನ್ನು ಕುರಿತು ಹೊಗಳಿಕೆಯೂ ಇದೆ, ಆಕ್ಷೇಪವೂ ಇದೆ. ಅದು ನಮ್ಮ ಇಂದಿನ ವಿಷಯವಲ್ಲ.

ದೈಹಿಕ ಶಿಕ್ಷಣದ ಹುದ್ದೆ ದೊರೆಯುವಷ್ಟು ಮಕ್ಕಳು ನಮ್ಮ ಹೆಚ್ಚಿನ ಶಾಲೆಗಳಲ್ಲಿಲ್ಲವೆಂಬುದನ್ನು ಬಲ್ಲೆ. ಓಡಿಸುವ ಕೆಲಸವೂ ಕನ್ನಡ ಮಾಸ್ತರರ, ಗಣಿತ ಟೀಚರ ಮೇಲೆಯೇ ಬಿದ್ದಿದೆ. ಮಧ್ಯಾಹ್ನದ ಊಟದ ಬಳಿಕ ನಾವು ಮೈದಾನದಲ್ಲಿ ಸೇರುತ್ತೇವೆ. ಪ್ರತಿ ಗುಂಪಿಗೆ ಒಂದು ಅಳತೆ ಟೇಪು, ಸುಣ್ಣದ ಪುಡಿ ಕೊಡಲಾಗುವುದು. ಕಾಲವನ್ನು ನಿಮ್ಮ ಮೊಬೈಲಿನಲ್ಲಿಯೇ ಅಳೆಯಬಹುದು. 50 ಮೀಟರ್ ಗೆರೆ ಎಳೆದು, ಈ ಶಾಲೆಯ ಆರನೆಯ ತರಗತಿಯ ಮಕ್ಕಳನ್ನು ಮೊದಲು ಒಬ್ಬೊಬ್ಬರನ್ನಾಗಿ ಓಡಿಸಿ ಕಾಲವನ್ನು ಬರೆದುಕೊಳ್ಳಿ. ಅರ್ಧ ಗಂಟೆ ಬಿಡುವು ಕೊಟ್ಟು, ಸಮನಾದ ಕಾಲ ಬಂದವರನ್ನು ಇಬ್ಬಿಬ್ಬರನ್ನಾಗಿ ಜೋಡಿಸಿ ಮತ್ತೊಮ್ಮೆ ಓಡಿಸಿ. ಎರಡೂ ಕಾಲಗಳನ್ನು ಹಾಳೆಯಲ್ಲಿ ಅಕ್ಕಪಕ್ಕದಲ್ಲಿ ಬರೆದು ನಾಲ್ಕು ಗಂಟೆಯ ಗೋಷ್ಠಿಗೆ ತನ್ನಿ. ಬಿಸಿಲು ಹೆಚ್ಚಾಗಿದೆ; ಮಕ್ಕಳಿಗೆ ಕುಡಿಯುವ ನೀರನ್ನು ಮರದ ಕೆಳಗೆ ಮೊದಲೇ ಇರಿಸುವಂತೆ ಸಂಘಟಕರನ್ನು ಕೋರುತ್ತೇನೆ.